ನೆಟ್ ಇಲ್ಲದ ಕೋಣೆಗೆ ನಿಂತ ಜಾಮೀನು

ಕಂಪ್ಯೂಟರ್ ಆಟ ಮಾರುವ ಅಂಗಡಿಗಳಲ್ಲಿ ಗಿರಾಕಿಗಳ ದೂರಿಗೆ ಉತ್ತರ ಬರೆಯುವ ಕೆಲಸಕ್ಕೆ ನಮ್ಮ ಕಡೆಯ ಹುಡುಗ ಹುಡುಗಿಯರು ಈಗಲೂ ಸೇರುತ್ತಿದ್ದಾರೆ ಎಂದು ಕೇಳುತ್ತೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಮಾತು ಮೊದಲೇ ಹೇಳಿಬಿಡಬೇಕು. ನನಗೆ ಆಟ ಆಡಲು ಬರುವುದಿಲ್ಲ. ಅಷ್ಟು ವರ್ಷ ಆಟದ ಅಂಗಡಿಯಲ್ಲಿ ದುಡಿದೂ ಮೊದಲ ಹಳ್ಳವನ್ನೇ ದಾಟಲಾರದೆ ಬಿದ್ದು ಸಾಯುವವನು ನಾನು. ಇನ್ನೊಂದು, ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದ್ದರಿಂದ ಯಾರು ಏನು ಹೇಳಿದರೂ ‘ನಿನಗೆ ಹೇಗೆ ಗೊತ್ತು’ ಎಂದು ಕೇಳುವ ಚಟ ಹತ್ತಿತು. ವಯಸ್ಸಾದಂತೆ ಆ ಪ್ರಶ್ನೆ ನನ್ನ ಕಡೆಗೇ ತಿರುಗಿದೆ. ಇಲ್ಲಿ ಬರುವ ಮಾತುಗಳನ್ನು ಅಂದು ಹೀಗೇ ಆಡಿದರು ಎಂದು ಆಣೆ ಇಡಲಾರೆ. ಅರ್ಥ ಹೀಗಿತ್ತು ಎನ್ನಬಲ್ಲೆ, ಅದೂ ಸ್ವಲ್ಪ ತಡವರಿಸಿ.

ರಾಯಚೂರಿನಲ್ಲಿ ಕೆಲವು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ತತ್ವಶಾಸ್ತ್ರಕ್ಕೆ ವಿದ್ಯಾರ್ಥಿಗಳು ಬಾರದೆ ಹೋದಾಗ ಕಂಪ್ಯೂಟರ್ ಕ್ಲಾಸೊಂದರಲ್ಲಿ ಟೈಪಿಂಗ್ ಕಲಿಸಿದೆ. ಆಮೇಲೆ ಸಿಕ್ಕಿದ್ದು ಈ ಕೆಲಸ. ಅಂಗಡಿ ನೆಟ್ಟಿನಲ್ಲಿ ನಡೆಯುವಂಥದ್ದು, ವಿದೇಶದ್ದು, ಅದರ ಸಣ್ಣ ಕಚೇರಿ ಹೈದರಾಬಾದಿನಲ್ಲಿತ್ತು. ನಾನು ರಾಯಚೂರಿನ ಮನೆಯ ಮಹಡಿ ಕೋಣೆಯಲ್ಲಿ ಕೂತು ಕನ್ನಡ, ತೆಲುಗು, ಹಿಂದಿಯಲ್ಲಿ ಬರುವ ದೂರುಗಳಿಗೆ ಉತ್ತರಿಸುತ್ತಿದ್ದೆ. ನಡುನಡುವೆ ಹೊಸ ಆಟಗಳನ್ನು ಪರೀಕ್ಷಿಸುತ್ತಿದ್ದೆ.

ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಸಾಫ್ಟ್‌ವೇರ್ ಪರೀಕ್ಷೆ’ ಎನ್ನುತ್ತಿದ್ದೆ. ಚಂದ್ರಬಂಡದ ಒಂದು ಮದುವೆಯ ಪಂಕ್ತಿಯಲ್ಲಿ ಹೀಗೆ ಹೇಳಿ ಮನೆಗೆ ಬಂದಾಗ ಹೆಂಡತಿ ಸರೋಜ ರೇಗಿದಳು.

“ಆಟ ಮಾರ್ತೀನಿ ಅನ್ನಾಕ ಏನು ನಾಚಿಕಿ? ಕಳ್ಳತನಕ್ಕ ಹೊಂಟೀರೇನು?”

“ಈ ವಯಸ್ಸಿನಾಗ ಆಟ ಅಂದ್ರ ಮಂದಿ ನಗ್ತಾರಲೇ.”

“ನಗ್ಲಿ ಬಿಡ್ರಿ. ನಿಮ್ಮ ತತ್ವಶಾಸ್ತ್ರಕ್ಕೂ ನಗ್ತಿದ್ರು. ಅದಕ್ಕ ಪಗಾರನೂ ಇದ್ದಿಲ್ಲ.”

ನಾವು ಮಾರುತ್ತಿದ್ದುದು ಬೀಗವಿಲ್ಲದ ಆಟಗಳನ್ನು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈಗ ಕೆಲಸಕ್ಕೆ ಸೇರುವವರಿಗೂ ಇದು ಸರಿಯಾಗಿ ಗೊತ್ತಿರುವುದಿಲ್ಲ. ಹೆಚ್ಚಿನ ಅಂಗಡಿಗಳಲ್ಲಿ ಆಟಕ್ಕೆ ಡಿಆರ್‌ಎಂ ಎಂಬ ಬೀಗ ಇರುತ್ತದೆ. ದುಡ್ಡು ಕೊಟ್ಟು ಕೊಂಡರೂ ಆಟ ತನ್ನ ಒಡೆಯನ ಕಂಪ್ಯೂಟರನ್ನು ನೆಟ್ ಮೂಲಕ ಕೇಳುತ್ತದೆ: ಇವನನ್ನು ಒಳಗೆ ಬಿಡಲೇ? ಅಲ್ಲಿಂದ ಹೂಂ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಡೆಯ ಅಂಗಡಿ ಮುಚ್ಚಿದರೆ ಹೂಂ ಎನ್ನುವವರೇ ಇರುವುದಿಲ್ಲ. ನಮ್ಮ ಆಟಗಳು ಹಾಗಲ್ಲ. ಒಮ್ಮೆ ಕಡತವನ್ನು ಇಳಿಸಿಕೊಂಡರೆ ಆಯಿತು. ಆಮೇಲೆ ಅದು ಯಾರನ್ನೂ ಕೇಳುವುದಿಲ್ಲ. ಅದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ನೆಟ್ಟಿಲ್ಲದ ಊರಿಗೆ ಒಯ್ಯಿರಿ, ನಡೆಯುತ್ತದೆ.

ನಮ್ಮ ಪರೀಕ್ಷೆ ಸರಳವಾಗಿತ್ತು. ಆಟ ಹಾಕುವುದು, ನೆಟ್ಟಿನ ತಂತಿ ಕೀಳುವುದು, ನಡೆಯುತ್ತದೆಯೇ ನೋಡುವುದು. ರಾಯಚೂರಿನಲ್ಲಿ ಕರೆಂಟು ಹೋಗುವುದು ನನಗೆ ಅನುಕೂಲವೇ ಆಯಿತು. ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತದೆ. ‘ನೈಸರ್ಗಿಕ ಪರೀಕ್ಷೆ’ ಎಂದು ವರದಿಯಲ್ಲಿ ಬರೆದು ಒಳಗೊಳಗೇ ಬೀಗುತ್ತಿದ್ದೆ. ಒಮ್ಮೆ ಒಂದು ಯುದ್ಧದ ಆಟವನ್ನು ಹೀಗೆ ಪಾಸು ಮಾಡಿದೆ. ಅದು ಮಾರಾಟಕ್ಕೆ ಹೋಗುವ ಹೊತ್ತಿಗೆ ಹೈದರಾಬಾದಿನಿಂದ ನಮ್ಮ ಮೇಲಧಿಕಾರಿ ವಸುಂಧರಾ ಮೇಡಂ ಫೋನು ಮಾಡಿದರು, ಅಲ್ಲಿ ಅದು ನೆಟ್ಟಿಲ್ಲದೆ ಏಳಲಿಲ್ಲವಂತೆ. ಅವರು ಮೈಸೂರಿನ ಕಡೆಯವರು, ದನಿ ಏರಿಸುವುದೇ ಇಲ್ಲ.

“ನಿಮ್ಮ ತಂತಿ ಕಿತ್ತಿದ್ರಿ, ಸರಿ. ಪಕ್ಕದ ಮನೆಯವರ ವೈಫೈ?”

ಪಕ್ಕದ ಮನೆಯವರ ಮಗನಿಗೆ ಟೈಪಿಂಗ್ ಹೇಳಿಕೊಟ್ಟಿದ್ದಕ್ಕೆ ಅವರು ಪಾಸ್‌ವರ್ಡು ಕೊಟ್ಟಿದ್ದರು. ಅವರ ಮನೆಗೆ ಇನ್ವರ್ಟರ್ ಇತ್ತು. ನನ್ನ ಲ್ಯಾಪ್‌ಟಾಪು ಸದ್ದಿಲ್ಲದೆ ಅತ್ತ ಜಿಗಿದು, ಆಟ ತನ್ನ ಒಡೆಯನನ್ನು ಆರಾಮವಾಗಿ ಕೇಳುತ್ತಾ ಕೂತಿತ್ತು.

“ಬಾಗಿಲು ಹಾಕಿ ಕಿಟಕಿ ತೆಗೆದಿಟ್ಟಿದ್ದೀರಿ ನೀವು,” ಎಂದರು ಮೇಡಂ. ಅಷ್ಟೇ. ಆಟವನ್ನು ವಾಪಸು ತೆಗೆಸಿದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ಅವರ ಒಂದು ನಿಯಮ ನನಗೆ ಆಗ ಹೇಡಿತನ ಅನ್ನಿಸುತ್ತಿತ್ತು. ಗಿರಾಕಿಗಳಿಗೆ ಬರೆಯುವಾಗ ‘ಶಾಶ್ವತ’ ಎಂಬ ಪದ ಬಳಸಬಾರದು. “ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಡಬಾರದು ಕಣ್ರೀ. ಇವತ್ತು ಹೀಗಿದೆ ಅನ್ನಿ, ಸಾಕು.” ಎಲ್ಲವನ್ನೂ ಅನುಮಾನಿಸುವ ನಾನೇ ಹೇಳಬೇಕಾಗಿದ್ದ ಮಾತು ಅದು. ಆದರೆ ನನಗೆ ನಮ್ಮ ಅಂಗಡಿಯ ಮೇಲೆ ಒಂದು ಬಗೆಯ ಭಕ್ತಿ ಹುಟ್ಟಿತ್ತು. ದೇವರನ್ನು ಬಿಟ್ಟವನಿಗೂ ಏನಾದರೊಂದು ಬೇಕಾಗುತ್ತದೆಯೇನೋ.

ದೇವದುರ್ಗದ ಶರಣಪ್ಪನ ಪ್ರಕರಣವನ್ನು ನಮ್ಮ ಕಚೇರಿಯಲ್ಲಿ ಬಹಳ ದಿನ ನೆನೆಸಿಕೊಂಡು ನಕ್ಕರು. ಶರಣಪ್ಪ ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿ ಬರುವವನು. ಅಲ್ಲಿನ ಶೆಡ್ಡಿನಲ್ಲಿ ಯಾರದೋ ಹಳೆಯ ಲ್ಯಾಪ್‌ಟಾಪು ಕೊಂಡು ನಮ್ಮಲ್ಲಿ ಒಂದು ಕುಸ್ತಿ ಆಟ ಕೊಂಡಿದ್ದ. ಊರಿಗೆ ಬಂದವನೇ ಫೋನು ಮಾಡಿದ.

“ಸರ, ಪುಣೆದಾಗ ಛಲೋ ನಡೀತಿತ್ರಿ. ದೇವದುರ್ಗದಾಗ ಯಾರ ಕಂಪ್ಯೂಟರಿಗೆ ಹಾಕಿದ್ರೂ ಏಳವಲ್ದು.”

“ಯಾರ್ ಯಾರದಕ್ಕ ಹಾಕೀಯಪ್ಪ?”

“ನಮ್ಮ ಗೆಳ್ಯಾರದು, ಮಾವಂದು, ಮೊಬೈಲ್ ಅಂಗಡಿಯವಂದು. ಎಲ್ಲಾರಿಗೂ ಹೆಪ್ಪು ಕೊಟ್ಟೀನಿ ಸರ. ಯಾರ ಮನ್ಯಾಗೂ ಮೊಸರಾಗವಲ್ದು.”

ಅವನು ಪೆನ್‌ಡ್ರೈವಿಗೆ ತುಂಬಿಕೊಂಡಿದ್ದು ಆಟವನ್ನಲ್ಲ, ಪರದೆಯ ಮೇಲಿನ ಅದರ ಪುಟ್ಟ ಚಿತ್ರವನ್ನು ಮಾತ್ರ. ಆ ಚಿತ್ರವನ್ನು ಒತ್ತಿದರೆ ಆಟವಿರುವ ಜಾಗಕ್ಕೆ ದಾರಿ ತೋರುತ್ತದೆ, ತಾನೇ ಆಟವಲ್ಲ. ಹಾಲಿಗೆ ಹೆಪ್ಪಿನ ಬದಲು ಹೆಪ್ಪಿನ ಬಟ್ಟಲಿನ ಫೋಟೋ ಹಾಕಿದ ಹಾಗೆ. ಇದನ್ನು ತಿಳಿಸಿದಾಗ ಅವನೂ ನಕ್ಕ. ಇನ್ನೊಂದನ್ನು ತಿಳಿಸುವುದು ಕಷ್ಟವಾಯಿತು. ಬೀಗ ಇಲ್ಲ ಎಂದರೆ ಹಂಚಬಹುದು ಎಂದಲ್ಲ.

“ಯಾಕ್ರಿ? ಕೊಟ್ರ ನಂದೇನು ಕಡಿಮಿ ಆಗಂಗಿಲ್ಲಲ್ಲ?”

“ಮಾಡಿದವರದು ಕಡಿಮಿ ಆಗ್ತದಪ್ಪ.”

“ಮತ್ತ ಬೀಗ ಯಾಕ ಹಾಕಿಲ್ಲ?”

“ನಿನ್ನ ಮ್ಯಾಲ ನಂಬಿಕಿ ಇಟ್ಟಾರ.”

“ಪುಣೆದಾಗ ನಮ್ಮನ್ಯಾರೂ ನಂಬಂಗಿಲ್ರಿ ಸರ, ಗೇಟಿನ್ಯಾಗ ಚೀಲ ಬಿಚ್ಚಿ ನೋಡ್ತಾರ,” ಎಂದ. ಗೆಳೆಯರ ಹತ್ತಿರ ಇನ್ನೇನೂ ಹಂಚಲಿಲ್ಲ ಎಂದು ಆಮೇಲೆ ತಿಳಿಸಿದ. ನಾನು ಅದನ್ನು ನಂಬಿದೆ, ಆಧಾರವಿಲ್ಲದೆ. ವಾರದ ಸಭೆಯಲ್ಲಿ ಮಾತ್ರ ಮೊಸರಿನ ಕಥೆಯನ್ನಷ್ಟೇ ಬಣ್ಣಿಸಿ ಹೇಳಿದೆ, ಗೇಟಿನ ಮಾತನ್ನು ಬಿಟ್ಟೆ. ಕಥೆ ಹೈದರಾಬಾದಿನಿಂದ ಮೇಲೆ ಮೇಲೆ ಹೋಯಿತು. ಹೋಗುತ್ತಾ ಹೋಗುತ್ತಾ ಶರಣಪ್ಪ ಮಾಯವಾಗಿ ‘ಆ ಕಡೆಯವರು ಹಂಚಿಬಿಡುತ್ತಾರೆ’ ಎಂಬುದೊಂದೇ ಉಳಿಯಿತು ಎಂದು ಮೇಡಂ ಹೇಳಿದರು. ಗಿರಾಕಿಯ ಕಥೆಯನ್ನು ನಗಿಸಲು ಹೇಳುವವರು ಇದನ್ನು ನೆನಪಿಡಿ.

ಇನ್ನು ಮಾನ್ವಿಯ ವಿಷಯ. ಉಳಿದದ್ದನ್ನೆಲ್ಲ ಬಿಟ್ಟರೂ ಇದನ್ನು ಬಿಡುವ ಹಾಗಿಲ್ಲ.

ಒಂದು ದಿನ ಒಂದೇ ಸಾಲಿನ ಪ್ರಶ್ನೆ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ನಿಮ್ಮ ಆಟಕ್ಕೆ ನೆಟ್ ಬೇಕೇನ್ರಿ?’ ಬೇಡ ಎಂದು ಬರೆದೆ. ‘ನಾಳೆ ಬೇಕಾಗ್ತದೇನು?’ ಎಂದು ಬಂತು. ಬೇಡ. ‘ಮುಂದಿನ ವರ್ಷ?’ ನಾನು ಫೋನು ಮಾಡಿದೆ. ಜುಲೇಖಾ ಬೇಗಂ ಎಂಬಾಕೆ, ಮಾನ್ವಿಯವರು. ಗಂಡ ದರ್ಜಿಯಾಗಿದ್ದವರು ತೀರಿಕೊಂಡಿದ್ದರು. ಅವರ ಹೊಲಿಗೆ ಕೋಣೆಯಲ್ಲಿ ಈಕೆ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ನಾನು ರಾಯಚೂರಿನವನೆಂದು ತಿಳಿದದ್ದೇ ಅವರ ದನಿ ಬದಲಾಯಿತು.

“ಅರೆ, ರಾಯಚೂರಂದ್ರ ಬಾಜೂದಾಗ ಅದ! ನಾನು ಒಂದೊಂದ ಸಾಲು ಬರಕೋತ ಕುಂತೀನಿ. ಬಸ್ ಹತ್ತಿ ಬರ್ರಿ ಸರ. ನನಗಲ್ಲ, ತಾಯಂದ್ರಿಗೆ ಹೇಳ್ರಿ.”

ವಿಷಯ ಹೀಗಿತ್ತು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ಕಂಪ್ಯೂಟರಿನ ಆಸೆ. ಜುಲೇಖಾ ನಾಲ್ಕೈದು ಹಳೆಯ ಯಂತ್ರಗಳನ್ನು ತಂದಿಟ್ಟಿದ್ದರು. ಆದರೆ ತಾಯಂದಿರು ಒಂದು ಷರತ್ತು ಹಾಕಿದ್ದರು: ಆ ಕೋಣೆಗೆ ನೆಟ್ ಬರಕೂಡದು. ಹಿಂದೆ ಓಣಿಯ ಒಂದು ಹುಡುಗಿಯ ಫೋಟೋ ಹೇಗೋ ಫೋನಿನಿಂದ ಫೋನಿಗೆ ಹೋಗಿ, ಆಕೆಯ ಓದು ಅಲ್ಲಿಗೇ ನಿಂತಿತ್ತು. ನೆಟ್ ಇಲ್ಲ ಎಂದರೆ ಕಳಿಸುತ್ತೇವೆ, ಇದೆ ಎಂದರೆ ಇಲ್ಲ. ಷರತ್ತು ನನಗೆ ಹಿಡಿಸಲಿಲ್ಲ. ತಪ್ಪು ಮಾಡಿದವನು ಒಬ್ಬ, ಬಾಗಿಲು ಹಾಕಿಸಿಕೊಳ್ಳುವವರು ಇವರು ಎಂದು ಜುಲೇಖಾ ಹತ್ತಿರ ಅಂದೆ.

“ಹೌದ್ರಿ ಸರ,” ಎಂದರು ಆಕೆ. “ನೀವು ಭಾಷಣ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಭಾಷಣ ಮುಗಿಯೋತನಕ ಹುಡುಗ್ಯಾರು ಎಲ್ಲಿ ಕುಂದರಬೇಕು ಹೇಳ್ರಿ.”

ಹೋದೆ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ತಾಯಂದಿರು ಕೂತಿದ್ದರು, ಕೆಲವರು ಬುರ್ಖಾದಲ್ಲಿ, ಕೆಲವರು ಸೆರಗು ಹೊದ್ದು. ಮುಂದೆ ಕೂತಾಕೆ ನಿಂಗಮ್ಮ. ಪೋತ್ನಾಳದ ಕಡೆಯ ಕುರಿಗಾರರ ಮನೆಯ ಹೆಣ್ಣುಮಗಳು. ಮಗಳು ಲಕ್ಷ್ಮಿಯ ಶಾಲೆಗಾಗಿ ಮಾನ್ವಿಯಲ್ಲಿ ತಮ್ಮನ ಮನೆಯಲ್ಲಿ ಇರುತ್ತಿದ್ದಳು. ನಾನು ಏನಾದರೂ ಹೇಳುವ ಮೊದಲೇ ಎಲ್ಲರ ಫೋನುಗಳನ್ನೂ ಇಸಿದುಕೊಂಡು, ನನ್ನದನ್ನೂ ಸೇರಿಸಿ, ಹೊರಗಿನ ಕಟ್ಟೆಯ ಮೇಲೆ ಇಡಿಸಿದಳು. “ಇವೂ ನೆಟ್ಟೇ ಅಲ್ಲೇನು?” ಪಕ್ಕದ ಮನೆಯ ವೈಫೈ ಇದೆಯೇ ಎಂದು ನಾನು ಕೇಳಿದೆ. ಅಷ್ಟು ಕಲಿತಿದ್ದೆ.

ಆಟ ಹಾಕಿ ತೋರಿಸಿದೆ. ರೈಲುಮಾರ್ಗ ಹಾಕಿ ಊರು ಊರು ಕೂಡಿಸುವ ಆಟ. ಪರದೆಯ ಮೇಲೆ ಪುಟ್ಟ ಜನ ಓಡಾಡುತ್ತಿದ್ದರು. ನಿಂಗಮ್ಮ ಬಗ್ಗಿ ನೋಡಿದಳು.

“ಇದರೊಳಗಿನ ಮಂದಿ ಹೊರಗಿನ ಮಂದಿ ಜೋಡಿ ಮಾತಾಡ್ತಾರೇನ್ರಿ?”

“ಇಲ್ಲವ್ವ.”

“ಹೊರಗಿನವ್ರು ಇದರೊಳಗ ಬರ್ತಾರೇನು?”

“ಇಲ್ಲ.”

“ಮುಂದ?”

“ಮುಂದೂ ಇಲ್ಲ.”

“ಯಾರು ಜಾಮೀನು?”

“ನಾನು,” ಎಂದೆ. ಕಾಯಂ ಹೀಗೇ ಇರುತ್ತದೆ ಎಂದೆನೋ, ಅಂಗಡಿ ಇರುವವರೆಗೆ ಎಂದೆನೋ, ಖಂಡಿತವಾಗಿ ಗೊತ್ತಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದುದು ಮಾತ್ರ ನೆನಪಿದೆ. ಪಾಠ ಹೇಳುತ್ತಿದ್ದಾಗಲೂ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ನಮ್ಮ ಆಟಗಳು ಮನೆಬಳಕೆಗೆ ಮಾತ್ರ. ಇಂಥ ಕೋಣೆಗೆ ಮಾಡಿದವರ ಒಪ್ಪಿಗೆ ಬೇಕು. ವಸುಂಧರಾ ಮೇಡಂ ತಾವೇ ಪತ್ರ ಬರೆದು ಕೆಲವರ ಒಪ್ಪಿಗೆ ತರಿಸಿಕೊಟ್ಟರು. ಒಪ್ಪದವರ ಆಟವನ್ನು ಜುಲೇಖಾ ಮುಟ್ಟಲಿಲ್ಲ. ಒಪ್ಪಿದವರದನ್ನು ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಕೊಂಡರು. ಬಜಾರಿನಲ್ಲಿ ಆಕೆಯನ್ನು ನೋಡಿ ನಗುತ್ತಿದ್ದರಂತೆ: ರಾಯಚೂರಿನಲ್ಲಿ ಪುಕ್ಕಟೆ ತುಂಬಿಕೊಡುತ್ತಾರೆ, ಈಕೆಗೆ ದುಡ್ಡು ಹೆಚ್ಚಾಗಿದೆ.

ಹುಡುಗಿಯರು ಆಡಿದರು. ಅದರಿಂದ ಅವರೇನಾದರು ಎಂದು ಕೇಳಬೇಡಿ. ಹುಡುಗರು ಮೈದಾನದಲ್ಲಿ ಆಡುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ನಾನು ಆಗಾಗ ಹೋದಾಗ ಕಿರುಚಾಟ ಬೀದಿಗೆ ಕೇಳುತ್ತಿತ್ತು. ಲಕ್ಷ್ಮಿ ರೈಲು ಹಾಕುವುದರಲ್ಲಿ ಗಟ್ಟಿಗಿತ್ತಿ. ಒಂದೇ ಯಂತ್ರದ ಮುಂದೆ ಪಾಳಿಯ ಮೇಲೆ ಆಡುವ ರುಖ್ಸಾನಾ ಎಂಬ ಹುಡುಗಿ ಅವಳಿಗೆ ಎದುರಾಳಿ. “ಲೇ, ನನ್ನ ಸ್ಟೇಶನ್ ಯಾಕ ಮುಚ್ಚಿದಿಬೇ?” “ನಿನ್ನ ಊರಾಗ ಮಂದೀನ ಇಲ್ಲ, ಸ್ಟೇಶನ್ ಯಾಕ ಬೇಕು ನಿನಗ?” ಇಂಥ ಮಾತು ಕೇಳಿಕೊಂಡು ಚಹಾ ಕುಡಿದು ಬರುತ್ತಿದ್ದೆ.

ಈ ನಡುವೆ ನಮ್ಮ ಕೆಲಸ ಬದಲಾಗುತ್ತಾ ಬಂತು. ಒಮ್ಮೆಲೇ ಅಲ್ಲ. ಮೊದಲು ಅಂಗಡಿಯವರು ಒಂದು ಆ್ಯಪ್ ತಂದರು, ಬೇಕಾದವರಿಗೆ ಮಾತ್ರ ಎಂದು. ಆಮೇಲೆ ಕೆಲವು ಆಟಗಳ ಕೆಲವು ಭಾಗಕ್ಕೆ ನೆಟ್ ಬೇಕು ಎಂದಾಯಿತು. ಆ ಭಾಗ ಇಲ್ಲದೆಯೂ ಆಡಬಹುದಲ್ಲ ಎಂದು ನಾವೇ ಉತ್ತರ ಬರೆದೆವು. ಆಮೇಲೆ ಹಳೆಯ ಆಟಗಳನ್ನು ಹೊಸ ಕಂಪ್ಯೂಟರುಗಳಿಗೆ ಹೊಂದಿಸುತ್ತಿದ್ದ ತಂಡವನ್ನು ಚಿಕ್ಕದು ಮಾಡಿದರು. ‘ಈ ಆಟ ನಿಮ್ಮದು’ ಎಂದಿದ್ದ ಸಾಲು ‘ಈ ಆಟ ನಿಮಗೆ ಲಭ್ಯ’ ಎಂದಾಯಿತು. ಕನ್ನಡಕ್ಕೆ ಅದನ್ನು ತಿರುಗಿಸಿದವನು ನಾನೇ. ಒಂದೊಂದು ಹೆಜ್ಜೆಯೂ ಒಪ್ಪಬಹುದಾದಷ್ಟು ಸಣ್ಣದಾಗಿತ್ತು. ಬೀಗ ಬೇಡ ಎಂದರೆ ಆಟ ಮಾಡುವವರೇ ನಮ್ಮ ಅಂಗಡಿಗೆ ಆಟ ಕೊಡುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು, ಅದೂ ಸುಳ್ಳಲ್ಲ. ಕೊನೆಗೆ ಮೇಡಂ ಕೆಲಸ ಬಿಟ್ಟರು. ನಾನು ನಿವೃತ್ತನಾದೆ.

ಆಮೇಲೆ ಜುಲೇಖಾ ಫೋನು ಮಾಡಿದರು. ಬಿಸಿಲು, ಧೂಳಿಗೆ ಎರಡು ಕಂಪ್ಯೂಟರು ಸತ್ತಿದ್ದವು. ಹೊಸದು ತಂದಿದ್ದರು. ಡಿಸ್ಕಿನಲ್ಲಿ ಜೋಪಾನ ಮಾಡಿದ್ದ ಹಳೆಯ ಕಡತ ಹೊಸ ಯಂತ್ರದಲ್ಲಿ ಏಳಲಿಲ್ಲ, ಪರದೆ ಕಪ್ಪು. ನಾನು ಹೋಗಿ ನೋಡಿದೆ. ಹೊಸ ಯಂತ್ರಕ್ಕೆ ಹೊಂದುವ ಕಡತ ಇತ್ತು, ಆದರೆ ಆ್ಯಪಿನ ಒಳಗೆ ಮಾತ್ರ. ಆ್ಯಪ್ ತೆರೆಯಲು ನೆಟ್ ಬೇಕು. ಒಮ್ಮೆ ತೆರೆದರೆ ಸಾಲದು, ಆಗಾಗ ತೆರೆದು ಹೆಸರು, ಪಾಸ್‌ವರ್ಡು ಒಪ್ಪಿಸಬೇಕು, ಇಲ್ಲವಾದರೆ ಆಟ ನಿಲ್ಲುತ್ತದೆ. ಇದೇ ಆಟವನ್ನು ಕದ್ದು ಮಾರುವವರ ಹತ್ತಿರ ನೆಟ್ ಬೇಡದ್ದು ಸಿಗುತ್ತದೆ ಎಂದು ನಾನೇ ಆಕೆಗೆ ಹೇಳಬೇಕಾಯಿತು. ಕದ್ದದ್ದಕ್ಕೆ ಬೀಗವಿಲ್ಲ, ಕೊಂಡದ್ದಕ್ಕೆ ಇದೆ.

“ಕದ್ದದ್ದಕ್ಕ ಯಾರು ಜಾಮೀನು ನಿಲ್ತಾರ? ನೀವು ನಿಲ್ತೀರೇನು?” ಎಂದರು ಜುಲೇಖಾ.

“ಇಲ್ಲ. ಇನ್ನೊಂದು ದಾರಿ ಅದ. ಹುಡುಗ್ಯಾರು ಹೋದ ಮ್ಯಾಲ ಬಾಗಿಲು ಹಾಕ್ರಿ, ನನ್ನ ಫೋನಿನಿಂದ ಐದು ನಿಮಿಷ ನೆಟ್ ಕೊಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ.”

ಆಕೆ ಕತ್ತರಿಯನ್ನು ಕೆಳಗಿಟ್ಟರು.

“ನಕ್ಕೋ ಸರ, ಬ್ಯಾಡ. ಹುಡುಗ್ಯಾರಿಗೆ ಬಾಗಿಲು ಹಾಕಿ ಏನೂ ಮಾಡಬ್ಯಾಡ್ರಿ ಅಂತ ದಿನಾ ಹೇಳ್ತೀನಿ. ನಾನೇ ಬಾಗಿಲು ಹಾಕ್ಲೇನು?”

ತಾಯಂದಿರನ್ನು ಮತ್ತೆ ಕರೆದರು. ಅದೇ ಚಾಪೆ. ಜುಲೇಖಾ ಎರಡೇ ಮಾತಿನಲ್ಲಿ ವಿಷಯ ಹೇಳಿ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು, ಅವತ್ತು ‘ಕಾಯಂ’ ಅಂದಿದ್ದೆನೋ ಇಲ್ಲವೋ ಖಾತ್ರಿ ಇಲ್ಲ, ಮನುಷ್ಯನ ನೆನಪು ಅಂಥದ್ದು, ಹೇಳಿದವನಿಗೊಂದು ಕೇಳಿದವರಿಗೊಂದು ಉಳಿಯುತ್ತದೆ ಎಂದೆಲ್ಲ ಶುರು ಮಾಡಿದೆ. ಒಬ್ಬಾಕೆ ‘ಕಾಯಂ ಅಂದ್ರಿ’ ಎಂದಳು. ಇನ್ನೊಬ್ಬಾಕೆ ‘ಇಲ್ಲ, ನಾನಿರೋತನಕ ಅಂದ್ರು’ ಎಂದಳು. ನೋಡಿ, ಇದೇ ನಾನು ಹೇಳುವುದು ಎಂದು ಉತ್ಸಾಹದಿಂದ ಮುಂದುವರಿಯುವವನಿದ್ದೆ. ನಿಂಗಮ್ಮ ಕೈ ಅಡ್ಡ ಹಿಡಿದಳು.

“ನೀವೇನಂದ್ರಿ ನಮಗೂ ನೆನಪಿಲ್ಲ ಬಿಡ್ರಿ ಸರ. ನಾವು ಮಕ್ಳನ್ನ ಕಳಿಸಿದ್ದು ನೆನಪದ.”

ನಾನು ಕೂತೆ. ಓದಿದ್ದನ್ನು ಅಡಗಿಕೊಳ್ಳಲು ಬಳಸಿದ್ದು ಅದೇ ಮೊದಲಲ್ಲ. ಆದರೆ ಅಷ್ಟು ಜನರ ಮುಂದೆ ಹೊರಗೆಳೆದು ನಿಲ್ಲಿಸಿದ್ದು ಅದೇ ಮೊದಲು. ಮಾಡಿದ್ದು ಅಂಗಡಿಯವರು, ನಾನಲ್ಲ. ಅದು ನಿಜವೇ. ಹೆಣ್ಣು ಗಂಡು ಕೂಡಿಸಿದವನೂ ಸಂಸಾರ ಮುರಿದಾಗ ಹಾಗೇ ಹೇಳಬಹುದು. ಹೇಳಿದರೆ ಆ ಓಣಿಯಲ್ಲಿ ಮತ್ತೆ ತಲೆ ಎತ್ತಿ ನಡೆಯಲಾರ.

ತಾಯಂದಿರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೋಣೆ ಮುಚ್ಚಲಿ ಎಂದವರಿದ್ದರು. ಮುಚ್ಚಿದರೆ ಮಗಳು ಮನೆಯಲ್ಲಿ ಕೂತು ಅಣ್ಣನ ಫೋನಿಗೆ ಕೈ ಹಾಕುತ್ತಾಳೆ ಎಂದವರೂ ಇದ್ದರು. ಕೊನೆಗೆ ನಿಂಗಮ್ಮ ತೀರ್ಮಾನ ಹೇಳಿದಳು.

“ಸಾಲಕ್ಕ ಜಾಮೀನು ನಿಂತವ ಏನ್ ಮಾಡ್ತಾನ? ಸಾಲಗಾರ ಓಡಿ ಹೋದ್ರ ಇವ ಬಂದು ನಿಲ್ತಾನ. ನೀವೂ ಬಂದು ನಿಲ್ರಿ. ನೆಟ್ ಹಚ್ಚೋ ದಿನ ಬಾಗಿಲು ತೆರದಿರಬೇಕು, ಹುಡುಗ್ಯಾರು ಇರಬಾರ್ದು, ನಾವಿರಬೇಕು, ನೀವಿರಬೇಕು. ನಿಮ್ಮ ಕೈಲೆ ಹಚ್ರಿ, ನಿಮ್ಮ ಕೈಲೆ ತಗೀರಿ.”

“ಅವ್ರಿಗೆ ವಯಸ್ಸಾಗೇದ ಯವ್ವಾ,” ಎಂದರು ಜುಲೇಖಾ.

“ಜಾಮೀನು ನಿಲ್ಲೋ ಮುಂದ ವಯಸ್ಸಾಗಿದ್ದಿಲ್ಲೇನು?”

ಅಂದಿನಿಂದ ಆ್ಯಪ್ ‘ಹೆಸರು ಒಪ್ಪಿಸು’ ಎಂದಾಗಲೆಲ್ಲ ರಾಯಚೂರಿನಿಂದ ಬಸ್ಸು ಹತ್ತುತ್ತೇನೆ. ಸರೋಜ ಬುತ್ತಿ ಕಟ್ಟಿಕೊಡುತ್ತಾಳೆ. ನಿವೃತ್ತಿ ಆದ ಮೇಲೆ ನಿಮ್ಮ ನೌಕರಿ ಶುರು ಆತು ಎಂದು ನಗುತ್ತಾಳೆ.

ಮೊದಲ ಸಲವೇ ಮರ್ಯಾದೆ ಹೋಯಿತು. ಐದು ನಿಮಿಷ ಎಂದಿದ್ದೆ. ನೆಟ್ ಸಿಕ್ಕಿದ್ದೇ ತಡ, ಯಂತ್ರಗಳೆಲ್ಲ ಬಹಳ ದಿನದ ಹಸಿವಿನವರ ಹಾಗೆ ಏನೇನೋ ಇಳಿಸಿಕೊಳ್ಳಲು ಶುರು ಮಾಡಿದವು. ಅದು ಮುಗಿಯುವವರೆಗೆ ನೆಟ್ ತೆಗೆಯುವ ಹಾಗಿಲ್ಲ. ತಾಯಂದಿರು ಬಾಗಿಲಲ್ಲಿ ಕೂತು ಕಾಯುತ್ತಿದ್ದರು. ಆಗ ಆ್ಯಪಿನ ಮುಖಪುಟದಲ್ಲಿ ಬೇರೊಂದು ಆಟದ ಜಾಹೀರಾತು ಮೂಡಿತು, ಪರದೆಯ ತುಂಬ. ಕೈಯಲ್ಲಿ ಬಂದೂಕು ಹಿಡಿದ ಹೆಂಗಸು, ಮೈಮೇಲೆ ಬಟ್ಟೆ ನೆಪಮಾತ್ರಕ್ಕೆ.

“ಈಕಿ ಯಾರು?” ಎಂದಳು ನಿಂಗಮ್ಮ.

“ಇದು… ಬೇರೆ ಆಟದ್ದವ್ವ. ಇಲ್ಲಿಗೆ ಬರಂಗಿಲ್ಲ.”

“ಬಂದಾಳಲ್ಲ! ಲಡಾಯಿಗೆ ಹೊಂಟಾಕಿ ಅರಿವಿ ಹಾಕ್ಕೊಂಡು ಹೋಗಬಾರದೇನು?”

ಕೆಲವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಪರದೆಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ಜುಲೇಖಾ ಹೊಲಿಯಲು ಇಟ್ಟಿದ್ದ ಲಂಗದ ಬಟ್ಟೆ ತಂದು ಅದರ ಮೇಲೆ ಹೊದಿಸಿದರು. ಆದರೆ ರುಖ್ಸಾನಾಳ ತಾಯಿ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಏನೂ ಹೇಳದೆ ಹೋದರು. ರುಖ್ಸಾನಾ ಮತ್ತೆ ಬರಲಿಲ್ಲ. ಜುಲೇಖಾ ಮನೆಗೆ ಹೋಗಿ ಕೇಳಿದರು, ನಾನೂ ಹೋದೆ. ಅವರ ತಂದೆ ಚಹಾ ಕೊಟ್ಟು, ಹವಾಮಾನದ ಬಗ್ಗೆ ಮಾತಾಡಿ, ಕಳಿಸಿಕೊಟ್ಟರು. ಆಕೆ ಹಾಕುತ್ತಿದ್ದ ರೈಲುಮಾರ್ಗ ಒಂದು ಯಂತ್ರದಲ್ಲಿ ಅರ್ಧಕ್ಕೆ ನಿಂತಿದೆ. ಲಕ್ಷ್ಮಿ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ನಾನು ಹಳೆಯ ಕಚೇರಿಗೆ ಬರೆದೆ. ಎಲ್ಲವನ್ನೂ ವಿವರಿಸಿ, ಕೊಂಡವರಿಗೆ ನೆಟ್ ಬೇಡದ ಕಡತವನ್ನು ಹೊಸ ಯಂತ್ರಕ್ಕೂ ಹೊಂದಿಸಿ ಕೊಡಿ ಎಂದು ಕೇಳಿದೆ. ಉತ್ತರ ಬೇಗನೆ ಬಂತು. ‘ನಿಮ್ಮ ಕಳಕಳಿ ನಮಗೆ ಮುಖ್ಯ. ಸಂಬಂಧಪಟ್ಟ ತಂಡಕ್ಕೆ ತಿಳಿಸಿದ್ದೇವೆ.’ ಕನ್ನಡ ಚೆನ್ನಾಗಿತ್ತು. ಓದುತ್ತಿದ್ದಂತೆ ಆ ವಾಕ್ಯಗಳು ನನ್ನವೇ ಎಂದು ಗೊತ್ತಾಯಿತು. ಎಲ್ಲ ದೂರಿಗೂ ಅಂಟಿಸಲು ನಾನೇ ಮಾಡಿಟ್ಟಿದ್ದವು. ಅವುಗಳನ್ನು ಓದಿದ ಗಿರಾಕಿಗೆ ಹೇಗಾಗುತ್ತದೆ ಎಂದು ನನಗೆ ತಿಳಿದದ್ದು ಅಂದೇ.

ಅದನ್ನು ಕಳಿಸಿದ ಹುಡುಗನನ್ನೋ ಹುಡುಗಿಯನ್ನೋ ನಾನು ದೂರುವುದಿಲ್ಲ. ಆದರೆ ಇದನ್ನು ಬರೆಯಲು ಕೂತದ್ದು ಅವರಿಗಾಗಿಯೇ. ಹೋದ ಸಲ ಮಾನ್ವಿಯಲ್ಲಿ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ನಿಂತೆ. ನಿಂಗಮ್ಮ ನೋಡಿದಳು. ಕೆಲಸ ಮುಗಿದು ನೆಟ್ ತೆಗೆದ ಮೇಲೆ ಪಕ್ಕಕ್ಕೆ ಬಂದು ಕೂತಳು.

“ಸರ, ಕೆಟ್ಟ ಅನ್ಕೋಬ್ಯಾಡ್ರಿ. ನಿಮ್ಮ ಹಿಂದ ಯಾರು?”

“ಹಂಗಂದ್ರ?”

“ಲಕ್ಷ್ಮೀದು ಇನ್ನ ಎರಡು ವರ್ಷ ಸಾಲಿ ಅದ. ಆಕಿ ಆದ ಮ್ಯಾಲ ನಮ್ಮ ತಮ್ಮನ ಹುಡುಗಿ. ನೀವು ಇರಂಗಿಲ್ಲ ಅಂತ ಅನ್ನಂಗಿಲ್ಲ ನಾನು. ನಿಮ್ಮ ಕಂಪನ್ಯಾಗ ನಿಮ್ಮ ಜಾಗಕ್ಕ ಯಾರೋ ಬಂದಿರಬೇಕಲ್ಲ? ಅವ್ರನ್ನ ಒಂದಿನ ಕರ್ಕೊಂಡು ಬರ್ರಿ. ನಾವು ನೋಡ್ತೀವಿ.”

ನನ್ನ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ನನಗೆ ಗೊತ್ತಿಲ್ಲ. ಈ ಬರಹ ಅವರ ಕಣ್ಣಿಗೆ ಬಿದ್ದರೆ ಇಷ್ಟೇ ಕೇಳುವುದು. ಆ್ಯಪ್ ಮುಂದಿನ ಸಲ ಹೆಸರು ಕೇಳುವ ಹೊತ್ತಿಗೆ ಮಾನ್ವಿಗೆ ಬನ್ನಿ. ನಾನು ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಬಾಗಿಲು ತೆರೆದೇ ಇರುತ್ತದೆ, ಚಹಾ ಕೊಡುತ್ತಾರೆ. ಫೋನನ್ನು ಹೊರಗೆ ಕಟ್ಟೆಯ ಮೇಲೆ ಇಡಬೇಕಾಗುತ್ತದೆ. ನೀವು ಯಾರ ಮಕ್ಕಳು, ಯಾವ ಊರು ಎಂದು ನಿಂಗಮ್ಮ ಕೇಳುತ್ತಾಳೆ, ಹೇಳಿ. ಆಮೇಲೆ ‘ಮುಂದ?’ ಎಂದು ಕೇಳುತ್ತಾಳೆ. ಅದಕ್ಕೆ ಏನು ಹೇಳಬೇಕೆಂದು ನನ್ನನ್ನು ಕೇಳಬೇಡಿ.